ಒಬ್ಬರ ಹೆಸರು, ಹತ್ತು ಜನರ ಸೊಲ್ಲು

ಕಾರವಾರದಿಂದ ಅಂಕೋಲೆಗೆ ಟೆಂಪೋದಲ್ಲಿ ಬಂದರೆ ಒಂದಾದರೂ ಕನ್ನಡ ರ‍್ಯಾಪ್ ಕೇಳದೆ ಇಳಿಯೋದು ಕಷ್ಟ ಮಾರಾಯ್ರೆ. 2016ರ ಕೊನೆಯಲ್ಲಿ ಚಂದನ್ ಶೆಟ್ಟಿಯವರ '3 ಪೆಗ್' ಬಂತಲ್ಲ, ನಮ್ಮ ಕಡೆ ಮದುವೆ ದಿಬ್ಬಣಕ್ಕೂ ಅದೇ ಹಾಡು! ಸಿನಿಮಾದ್ದಲ್ಲ, ಯೂಟ್ಯೂಬಿನಲ್ಲಿ ಬಿಡಿಯಾಗಿ ಬಂದದ್ದು. ಕನ್ನಡದಲ್ಲಿ ರ‍್ಯಾಪ್ ಜನರ ಬಾಯಿಗೆ ಬಂದದ್ದು ಹೆಚ್ಚಾಗಿ ಹೀಗೇ, ಒಂದೊಂದೇ ಹಾಡಾಗಿ. ಹಾಗಾಗಿ ನಮ್ಮಲ್ಲಿ ಹಾಡಿನ ಜೊತೆ ಒಬ್ಬರ ಹೆಸರೇ ನೆನಪಿರುತ್ತದೆ.

ಈ 'ಒಬ್ಬರ ಹೆಸರು' ಅನ್ನೋದು ನನ್ನನ್ನು ಬಹಳ ದಿನದಿಂದ ಕಾಡ್ತಾ ಇದೆ. ಅಮೆರಿಕದ ಲಾರಿನ್ ಹಿಲ್ ಗೊತ್ತಲ್ಲ? 'ಫ್ಯೂಜೀಸ್' ತಂಡದಲ್ಲಿದ್ದವರು. 1998ರ ಆಗಸ್ಟಿನಲ್ಲಿ ಆಕೆಯ ಸ್ವಂತ ಆಲ್ಬಂ 'ದಿ ಮಿಸ್‌ಎಜುಕೇಶನ್ ಆಫ್ ಲಾರಿನ್ ಹಿಲ್' ಬಂತು. ಮೊದಲ ವಾರವೇ ನಾಲ್ಕು ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾದವು. 1999ರಲ್ಲಿ ಐದು ಗ್ರ್ಯಾಮಿ. ವರ್ಷದ ಆಲ್ಬಂ ಪ್ರಶಸ್ತಿ ಹಿಪ್ ಹಾಪಿಗೆ ಸಿಕ್ಕಿದ್ದು ಅದೇ ಮೊದಲು. ಬರೆದದ್ದು, ರಾಗ ಕೂಡಿಸಿದ್ದು, ಹಾಡಿದ್ದು ಎಲ್ಲಾ ಲಾರಿನ್ ಹಿಲ್ ಅಂತ ಅದರ ಮೇಲೆ ಅಚ್ಚಾಗಿತ್ತು. ಆಲ್ಬಂ ಬಂದು ಮೂರು ತಿಂಗಳೊಳಗೆ, ಜೊತೆಗೆ ಕೆಲಸ ಮಾಡಿದ 'ನ್ಯೂ ಆರ್ಕ್' ಎಂಬ ನಾಲ್ಕು ಹುಡುಗರ ತಂಡ ಕೋರ್ಟಿಗೆ ಹೋಯ್ತು: ನಾವೂ ಬರೆದಿದ್ದೇವೆ, ನಮ್ಮ ಹೆಸರೆಲ್ಲಿ? 2001ರಲ್ಲಿ ಕೋರ್ಟಿನ ಹೊರಗೇ ರಾಜಿಯಾಯಿತು. ಆಕೆ ಆಮೇಲೆ ಸ್ಟುಡಿಯೋದಲ್ಲಿ ಇನ್ನೊಂದು ಸ್ವಂತ ಆಲ್ಬಂ ಮಾಡಿಲ್ಲ.

ಹಾಗಂತ ಹಿಪ್ ಹಾಪಿನಲ್ಲಿ ಇನ್ನೊಬ್ಬರದ್ದು ತಕ್ಕೊಂಡರೆ ತಪ್ಪು ಅನ್ನೋಕೆ ಬರಲ್ಲ. ಅದು ಹುಟ್ಟಿದ್ದೇ ಹಾಗೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಡಿಜೆ ಕೂಲ್ ಹರ್ಕ್ ತಂಗಿಯ ಪಾರ್ಟಿಗೆ ರೆಕಾರ್ಡ್ ಹಾಕಿದ್ದರಿಂದಲೇ ಇದರ ಕಥೆ ಶುರು ಅಂತಾರೆ. ಒಂದೇ ಹಾಡಿನ ಎರಡು ರೆಕಾರ್ಡ್ ಇಟ್ಟುಕೊಂಡು, ಡ್ರಮ್ಮಿನ ತುಂಡನ್ನು ಮತ್ತೆ ಮತ್ತೆ ತಿರುಗಿಸುವುದು ಆತನ ವಿದ್ಯೆ. ಡ್ರಮ್ ಬಾರಿಸಿದವನು ಬೇರೆ ಯಾರೋ.

ನಮ್ಮಲ್ಲಿ ಗಲಾಟೆ ಆದದ್ದು 2020ರ ಗಣೇಶ ಚೌತಿಗೆ. ಚಂದನ್ ಶೆಟ್ಟಿ 'ಕೋಲುಮಂಡೆ'ಯನ್ನು ರ‍್ಯಾಪ್ ಮಾಡಿ ಬಿಟ್ಟರು. ಅದು ಮಾದಪ್ಪನ ಹಾಡು, ಸಂಕಮ್ಮನ ಕಥೆಯದ್ದು. ಜೇನಿಗೆ ಹೊರಟ ಗಂಡ ನೀಲೇಗೌಡ, ನಾನಿಲ್ಲದಾಗ ಶೀಲವಾಗಿರ್ತೇನೆ ಅಂತ ಭಾಷೆ ಕೊಡು ಅಂತಾನೆ. ಸಂಕಮ್ಮ ಕೊಡೋದಿಲ್ಲ. ಆ ಹೆಣ್ಣಿನ ಕಷ್ಟದ ಬಾಗಿಲಿಗೆ ಮಹದೇಶ್ವರ ಜಂಗಮನಾಗಿ ಬರೋದು. ಅಂಥವಳನ್ನು ವಿಡಿಯೊದಲ್ಲಿ ಕುಣಿಸಿದ ರೀತಿ ನೋಡಿ ಮಾದಪ್ಪನ ಒಕ್ಕಲಿನವರು ಸಿಟ್ಟಾದರು. ಶೆಟ್ಟರು ಕ್ಷಮೆ ಕೇಳಿದರು, ವಿಡಿಯೊ ತೆಗೆದರು. ಸಿಟ್ಟು ರ‍್ಯಾಪಿನ ಮೇಲಾಗಿರಲಿಲ್ಲ, ಸಂಕಮ್ಮನಿಗಾಗಿ ಆಗಿತ್ತು. ಅವರ ಸಿಟ್ಟು ನ್ಯಾಯದ್ದು ಅಂತಲೇ ನನಗನ್ನಿಸುತ್ತದೆ.

ಮರುವರ್ಷ 'ಸಲಗ' ಬಂತು. 'ಟಿಣಿಂಗ ಮಿಣಿಂಗ ಟಿಶ್ಯಾ' ಹಾಡಿದ್ದು ನಮ್ಮ ಜಿಲ್ಲೆಯ ಸಿದ್ಧಿಯರು: ಗಿರಿಜಾ ಸಿದ್ಧಿ, ಗೀತಾ ಸಿದ್ಧಿ ಮೊದಲಾದವರು. ಯಲ್ಲಾಪುರ, ಹಳಿಯಾಳದ ಕಾಡಿನಲ್ಲಿರುವ ಸಿದ್ಧಿಯರು ನಮ್ಮ ಅಂಕೋಲಾ ತಾಲೂಕಿನಲ್ಲೂ ಇದ್ದಾರೆ. ಅದು ರ‍್ಯಾಪ್ ಅಲ್ಲ ಬಿಡಿ. ಆದರೆ ಅಲ್ಲಿ ಹಾಡಿದವರ ಹೆಸರೂ ಇತ್ತು, ಮುಖವೂ ಇತ್ತು. ಜನ ತಲೆ ಮೇಲೆ ಹೊತ್ತು ಮೆರೆಸಿದರು.

ಇದನ್ನೆಲ್ಲ ಯಾಕೆ ಬರೀತಿದ್ದೇನೆ ಅಂದ್ರೆ, ನಮ್ಮ ಬಡಗೇರಿಯ ಸುಕ್ರಿ ಬೊಮ್ಮಗೌಡ, ಅಂದರೆ ಎಲ್ಲರ ಸುಕ್ರಜ್ಜಿ, 2025ರ ಫೆಬ್ರವರಿ 13ರಂದು ತೀರಿಕೊಂಡರು. ಹಾಲಕ್ಕಿಗಳ ಸಾವಿರಾರು ಹಾಡು ಅವರ ಬಾಯಲ್ಲಿದ್ದವು. ತಾಯಿಯಿಂದ ಕಲಿತವು. 2017ರಲ್ಲಿ ಪದ್ಮಶ್ರೀ ಬಂತು. ಆಕಾಶವಾಣಿಯವರು ಅವರ ಹಾಡು ಧ್ವನಿಮುದ್ರಿಸಿ ಇಟ್ಟಿದ್ದಾರೆ. ಆ ಹಾಡುಗಳಲ್ಲಿ ಒಬ್ಬರು ಹೇಳಿದ್ದನ್ನು ಉಳಿದವರು ಎತ್ತಿಕೊಳ್ಳಬೇಕು, ಇಲ್ಲದಿದ್ರೆ ಹಾಡು ಮುಂದೆ ಹೋಗೋದಿಲ್ಲ. ಸುಗ್ಗಿಯ ದಿನಗಳಲ್ಲಿ ಗಂಡಸರು ಬಾರಿಸುವ ಗುಮಟೆ ಕೇಳಿದ್ದೀರಾ? ಮಣ್ಣಿನ ಗಡಿಗೆ, ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿಯನ್ನು ಅಂಗೈಯಲ್ಲಿ ಮುಚ್ಚಿ ತೆಗೆದು ದನಿ ಏರಿಳಿಸುತ್ತಾರೆ. ಯಾವ ಬೀಟಿಗೂ ಕಮ್ಮಿಯಿಲ್ಲ :) ನಾಳೆ ಕಾರವಾರದ ಯಾವನೋ ಹುಡುಗ ಗುಮಟೆ ಹಾಕಿ, ಸುಕ್ರಜ್ಜಿಯ ದನಿ ಸೇರಿಸಿ ರ‍್ಯಾಪ್ ಮಾಡಿಯೇ ಮಾಡ್ತಾನೆ. ಮಾಡಲಿ! ನಾನಂತೂ ಕೇಳ್ತೇನೆ.

ಜಾನಪದಕ್ಕೆ ಬರೆದವರಿಲ್ಲ, ಹಾಗಾಗಿ ಯಾರು ಬೇಕಾದರೂ ಎತ್ತಿಕೊಳ್ಳಬಹುದು ಅಂತ ಹೇಳುವವರಿದ್ದಾರೆ. ಹಾಡಿಗೆ ಅದು ಸರಿ ಇರಬಹುದು. ಹಾಡಿದವರಿಗೆ? ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಮಾಡಿದ ತಿದ್ದುಪಡಿಯಿಂದ ಹಾಡುವವರಿಗೂ ಹಕ್ಕು ಬಂದಿದೆ, ಈಗ ಅದರ ಅವಧಿ 50 ವರ್ಷ. ಇದು ನನ್ನದು ಅಂತ ಹೆಸರು ಹಾಕಿಸಿಕೊಳ್ಳುವ ಹಕ್ಕು 2012ರಲ್ಲಿ ಸೇರಿತು. ಬಳಸುವ ರೀತಿಯಿಂದಾಗಿ ಹೆಸರು ಹೇಳಲು ಆಗದಿದ್ದರೆ ಬಿಡಬಹುದು ಎಂಬ ಸಣ್ಣ ಕಿಂಡಿಯೂ ಅಲ್ಲೇ ಇದೆ.

ಯೂಟ್ಯೂಬಿನಲ್ಲಿ ವಿಡಿಯೊದ ಕೆಳಗೆ 5000 ಅಕ್ಷರ ಬರೆಯಲು ಜಾಗ ಕೊಡ್ತಾರೆ. ಸುಕ್ರಜ್ಜಿಯ ಹಿಂದೆ ನಿಂತು ಸೊಲ್ಲು ಹೇಳಿದ ಹೆಂಗಸರ ಹೆಸರೆಲ್ಲಾ ಬರೆದರೂ ಗುಮಟೆಯವರಿಗೆ ಜಾಗ ಉಳಿಯುತ್ತದೆ.