ಅಡ್ಡ ತ್ರಾಣ

ಎರಡು ತುದಿಗೆ ಆಧಾರ ಕೊಟ್ಟ ತೊಲೆ, ಕಲ್ಲು ಅಥವಾ ಸರಳಿನ ಮೇಲೆ ಅಡ್ಡಲಾಗಿ ಭಾರ ಬಿದ್ದಾಗ ಅದು ಮುರಿಯದೆ ತಡೆದುಕೊಳ್ಳುವ ಶಕ್ತಿಯೇ ಅಡ್ಡ ತ್ರಾಣ. ಬಾಗು ಬಲ ಎಂದೂ ಕರೆಯುತ್ತಾರೆ. ಭಾರಕ್ಕೆ ತೊಲೆ ಬಾಗಿದಾಗ ಅದರ ಮೇಲ್ಮೈ ಒತ್ತಿಕೊಳ್ಳುತ್ತದೆ, ಕೆಳಮೈ ಎಳೆದುಕೊಳ್ಳುತ್ತದೆ. ನಡುವೆ ಎಳೆತವೂ ಒತ್ತೂ ಇಲ್ಲದ ಒಂದು ಪದರವಿದ್ದು, ಅದಕ್ಕೆ ತಟಸ್ಥ ಪದರವೆಂದು ಹೆಸರು. ಅಲ್ಲಿಂದ ದೂರ ಹೋದಷ್ಟೂ ವಸ್ತು ಹೆಚ್ಚು ದುಡಿಯಬೇಕು.

ಮಲೆನಾಡಿನ ಹಳ್ಳಗಳ ಮೇಲೆ ಹಾಕುವ ಅಡಿಕೆ ಮರದ ಸಂಕ ಇದಕ್ಕೆ ಒಳ್ಳೆಯ ಉದಾಹರಣೆ. ಅಡಿಕೆ ಮರದ ಹೊರಸುತ್ತು ಗಟ್ಟಿ, ಒಳಗಿನ ತಿರುಳು ಮೆತ್ತಗೆ. ಬಾಗಿದಾಗ ಶ್ರಮ ಬೀಳುವುದು ಹೊರಸುತ್ತಿನ ಮೇಲಾದ್ದರಿಂದ ತಿರುಳು ಮೆತ್ತಗಿದ್ದರೂ ಸಂಕ ಆಳನ್ನು ಹೊರುತ್ತದೆ. ಬಿದಿರಿನ ಒಳಗು ಟೊಳ್ಳಾಗಿದ್ದೂ ಅದು ಬಲವಾಗಿರುವುದು ಇದೇ ಕಾರಣಕ್ಕೆ.

ತೊಲೆಯ ಬಲ ಅದರ ಅಗಲಕ್ಕೆ ನೇರವಾಗಿ ಏರಿದರೆ, ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ. 100 ಮಿ.ಮೀ. ಅಗಲ, 200 ಮಿ.ಮೀ. ಎತ್ತರದ ತೊಲೆಯನ್ನು ಮಗ್ಗುಲಾಗಿ ಮಲಗಿಸಿದರೆ ಬಲ ಅರ್ಧಕ್ಕಿಳಿಯುತ್ತದೆ, ಬಾಗು ನಾಲ್ಕು ಪಟ್ಟಾಗುತ್ತದೆ. ಅಷ್ಟೇ ಭಾರ ನಟ್ಟನಡುವೆ ಒಂದೇ ಕಡೆ ಕೂತರೆ, ಉದ್ದಕ್ಕೂ ಹರಡಿದಾಗಿನ ಎರಡರಷ್ಟು ಶ್ರಮ ಕೊಡುತ್ತದೆ. ಅಟ್ಟದ ಮೇಲೆ ಭತ್ತದ ಚೀಲಗಳನ್ನು ನಡುವೆ ಪೇರಿಸದೆ ಗೋಡೆಯ ಬದಿಗೆ ಇಡುವುದು ಎಷ್ಟು ಸರಿ ಎಂಬುದು ಇದರಿಂದ ತಿಳಿಯುತ್ತದೆ.

ಶಿವಮೊಗ್ಗದ ಕೋಟೆ ಪ್ರದೇಶದಲ್ಲಿ, ತುಂಗೆಯ ಬದಿಗಿರುವ ಶಿವಪ್ಪನಾಯಕನ ಹೆಸರಿನ ಅರಮನೆ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಅದರ ದೊಡ್ಡ ಮರದ ಕಂಬಗಳ ಕಡೆ ಎಲ್ಲರ ಕಣ್ಣೂ ಹೋಗುತ್ತದೆ. ತಲೆ ಎತ್ತಿ ನೋಡಬೇಕಾದದ್ದು ಕಂಬಗಳ ಮೇಲಿನ ತೊಲೆಗಳನ್ನು. ಕಂಬಕ್ಕೆ ನೇರ ಒತ್ತು ಮಾತ್ರ. ಎಳೆತವನ್ನೂ ಒತ್ತನ್ನೂ ಒಟ್ಟಿಗೆ ತಾಳುವುದು ತೊಲೆ. ಹಳೆಯ ಕಟ್ಟಡಗಳಲ್ಲಿ ಕಂಬದ ತಲೆಗೆ ಎರಡೂ ಬದಿಗೆ ಚಾಚಿದ ಬೋದಿಗೆ ಕೂರಿಸಿದಾಗ ತೊಲೆಗೆ ಆಧಾರವಿಲ್ಲದ ಉದ್ದ ಅಷ್ಟು ಕಡಿಮೆಯಾಗುತ್ತದೆ. ತೊಲೆಯ ಕೆಳಮೈಯ ನಡುವೆ ಮರದ ಗಂಟಿದ್ದರೆ ಸೀಳು ಅಲ್ಲಿಂದಲೇ ಏಳುತ್ತದೆ. ಫ್ಯಾನು, ತೊಟ್ಟಿಲು ನೇತುಹಾಕಲೆಂದು ಅದೇ ಜಾಗದಲ್ಲಿ ದೊಡ್ಡ ತೂತು ಕೊರೆಯುವುದು ಹಳೆಯ ಮನೆಗಳಿಗೆ ಮಾಡುವ ಅನ್ಯಾಯ. ತಟಸ್ಥ ಪದರದ ಎತ್ತರದಲ್ಲಿ, ಅಂದರೆ ತೊಲೆಯ ಮಗ್ಗುಲಿನ ನಡುಭಾಗದಲ್ಲಿ, ಸಣ್ಣ ತೂತು ಮಾಡಿದರೆ ಹಾನಿ ತೀರಾ ಕಡಿಮೆ.

ಕಲ್ಲಿಗೆ ಒತ್ತು ತಾಳುವ ಶಕ್ತಿ ಧಾರಾಳ, ಎಳೆತ ತಾಳುವ ಶಕ್ತಿ ಅತ್ಯಲ್ಪ. ಭದ್ರಾವತಿಯಲ್ಲಿ 13ನೇ ಶತಮಾನದ ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯವಿದೆ. ಅಂಥ ಗುಡಿಗಳ ನವರಂಗದಲ್ಲಿ ಕಂಬಗಳು ಒತ್ತೊತ್ತಾಗಿರುವುದು ಅಲಂಕಾರಕ್ಕಷ್ಟೇ ಅಲ್ಲ. ಕಲ್ಲಿನ ತೊಲೆ ಹೆಚ್ಚು ದೂರ ಹಾಯಲಾರದು.

ಎರಕದ ಕಬ್ಬಿಣದ ಗುಣವೂ ಕಲ್ಲಿಗೆ ಹತ್ತಿರದ್ದು. ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಉತ್ಪಾದನೆ ಶುರುವಾಯಿತು. ಅದಿರು ಕೆಮ್ಮಣ್ಣುಗುಂಡಿಯದು, ಉರುವಲು ಮಲೆನಾಡಿನ ಮರದ ಇದ್ದಿಲು. ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಪಡೆದ ಈ ಕಾರ್ಖಾನೆ ಎರಕದ ಕೊಳವೆಗಳನ್ನೂ ತಯಾರಿಸಿತು. ಹೂತಿಟ್ಟ ಕೊಳವೆಯ ಅಡಿಯ ಮಣ್ಣು ಕೊಚ್ಚಿಹೋದರೆ ಅದು ಕೊಳವೆಯಾಗಿ ಉಳಿಯದೆ ತೊಲೆಯಾಗುತ್ತದೆ. ಮೇಲಿನ ಮಣ್ಣಿನ, ವಾಹನಗಳ ಭಾರಕ್ಕೆ ಅಡ್ಡಕ್ಕೆ ಮುರಿಯುತ್ತದೆ. ಇಂಗ್ಲೆಂಡಿನ ಚೆಸ್ಟರ್ ಬಳಿ ಡೀ ನದಿಯ ರೈಲು ಸೇತುವೆಯ ಎರಕದ ತೊಲೆ 1847ರಲ್ಲಿ ಮುರಿದು ಐವರು ಸತ್ತರು. ಎಳೆತ ತಾಳಲು ಎರಕದ ತೊಲೆಯ ಕೆಳಗಿನ ಅಡ್ಡಪಟ್ಟಿ ಮೇಲಿನ ಅಡ್ಡಪಟ್ಟಿಗಿಂತ ಸುಮಾರು ಆರು ಪಟ್ಟು ದೊಡ್ಡದಿರಬೇಕೆಂದು ಈಟನ್ ಹಾಡ್ಜ್‌ಕಿನ್ಸನ್ ಪ್ರಯೋಗಗಳಿಂದ ತೋರಿಸಿದ್ದರು. ಉಕ್ಕು ಎಳೆತವನ್ನೂ ಒತ್ತನ್ನೂ ಸಮನಾಗಿ ತಾಳುವುದರಿಂದ ಅದರ ತೊಲೆಗೆ ಎರಡೂ ಪಟ್ಟಿ ಒಂದೇ ಅಳತೆಯವು.

ತೊಲೆಯ ಬಲದ ಲೆಕ್ಕವನ್ನು ಮೊದಮೊದಲು ಕೈಗೆತ್ತಿಕೊಂಡವರಲ್ಲಿ ಒಬ್ಬ ಗೆಲಿಲಿಯೊ. 1638ರ ಅವನ ಗ್ರಂಥದಲ್ಲಿ, ಗೋಡೆಯಿಂದ ಚಾಚಿದ ತೊಲೆಯ ಇಡೀ ಅಡ್ಡಕೊಯ್ತದಲ್ಲಿ ಎಳೆತವಿದೆ ಎಂದು ಭಾವಿಸಿದ್ದರಿಂದ ಉತ್ತರ ತಪ್ಪಿತು. ಎತ್ತರದ ವರ್ಗದ ಮಾತು ಮಾತ್ರ ಸರಿಯಾಗಿತ್ತು. 1826ರಲ್ಲಿ ಫ್ರಾನ್ಸಿನ ನೇವಿಯೆ ತಟಸ್ಥ ಪದರದ ಸರಿಯಾದ ಜಾಗ ಗುರುತಿಸಿದ.

ಕಾಂಕ್ರೀಟಿನ ಪರೀಕ್ಷೆಗೆ 150 ಮಿ.ಮೀ. ಚೌಕದ, 700 ಮಿ.ಮೀ. ಉದ್ದದ ತೊಲೆ ಎರೆದು, 28 ದಿನ ನೀರುಣಿಸಿ, 600 ಮಿ.ಮೀ. ಅಂತರದ ಆಧಾರಗಳ ಮೇಲಿಟ್ಟು ಎರಡು ಕಡೆ ಒತ್ತುತ್ತಾರೆ. ಎಂ 25 ದರ್ಜೆಯದಾದರೆ ಸುಮಾರು 2 ಟನ್ನಿಗೆ ಕೆಳಗಿನಿಂದ ಬಿರುಕೆದ್ದು, ಮರುಕ್ಷಣವೇ ಎರಡು ತುಂಡು. ಅದೇ ಕಾಂಕ್ರೀಟಿನ 150 ಮಿ.ಮೀ. ಘನ ಸುಮಾರು 57 ಟನ್ ಒತ್ತು ತಾಳುತ್ತದೆ. ಈ ಅಂತರವನ್ನು ತುಂಬಲೆಂದೇ ಕಂಬಿ ಹಾಕುವುದು. ತಾರಸಿಯ ಸ್ಲಾಬಿನಲ್ಲಿ ನಡುಭಾಗದ ಕಂಬಿ ಕೆಳಗಿರಬೇಕು. ಗೋಡೆಯಿಂದ ಚಾಚಿದ ಸಜ್ಜಾದಲ್ಲಿ ಎಳೆತ ಮೇಲ್ಮೈಗೆ ಬರುವುದರಿಂದ ಕಂಬಿಯೂ ಮೇಲೆಯೇ ಇರಬೇಕು. ಕಾಂಕ್ರೀಟು ಸುರಿಯುವಾಗ ಯಾರಾದರೂ ಆ ಕಂಬಿಯ ಮೇಲೆ ಓಡಾಡಿ ಅದನ್ನು ಕೆಳಕ್ಕೆ ತುಳಿದರೆ, ಹಲಗೆ ಬಿಚ್ಚಿದ ದಿನವೇ ಸಜ್ಜಾ ಗೋಡೆಗೆ ಸೇರುವಲ್ಲಿ ಬಿರುಕು ಕಾಣಿಸಿಕೊಳ್ಳಬಹುದು.