ಎರಡು ಸಂಪರ್ಕ, ಒಂದೇ ಕಾಲುವೆ: ವ್ಯವಹಾರ ಸಂಸ್ಥೆಗಳ ಅಂತರ್ಜಾಲ ದೂರವಾಣಿ ಆಯ್ಕೆಯಲ್ಲಿ ಕಡೆಗಣಿತವಾದ ಪ್ರಶ್ನೆ

ಹಳೆಯ ಲ್ಯಾಂಡ್‌ಲೈನು ಮತ್ತು ಇಪಿಎಬಿಎಕ್ಸ್ ಪೆಟ್ಟಿಗೆಯನ್ನು ಬಿಟ್ಟು ಅಂತರ್ಜಾಲದ ಮೇಲೆ ನಡೆಯುವ ಫೋನಿಗೆ ಹೊರಳಲು ಹೊರಟ ಸಂಸ್ಥೆಯ ಮುಂದೆ ಬರುವ ಕೊಟೇಶನ್‌ಗಳಲ್ಲಿ ಸಾಮಾನ್ಯವಾಗಿ ಮೂರು ಅಂಕಿಗಳು ಎದ್ದು ಕಾಣುತ್ತವೆ: ತಿಂಗಳ ಬಾಡಿಗೆ, ಸಂಪರ್ಕದ ವೇಗ, ಮತ್ತು ಶೇ. 99.9 ಲಭ್ಯತೆಯ ಭರವಸೆ. ಈ ಮೂರನ್ನು ಅಕ್ಕಪಕ್ಕ ಬರೆದು ತಾಳೆ ನೋಡಿ ತೀರ್ಮಾನಿಸುವುದು ವಾಡಿಕೆ. ಈ ಲೇಖನದ ವಾದವೆಂದರೆ, ಈ ಮೂರೂ ಸೇರಿದರೂ ಆಯ್ಕೆಗೆ ಆಧಾರವಾಗಲಾರವು. ಸೇವೆ ಎಷ್ಟು ಸಲ ಕೆಡುತ್ತದೆ ಎಂಬುದಕ್ಕಿಂತ, ಅದು ಕೆಟ್ಟಾಗ ಜೊತೆಯಲ್ಲಿ ಇನ್ನೇನೇನು ಕೆಡುತ್ತದೆ ಎಂಬುದು ಮೊದಲು ಕೇಳಬೇಕಾದ ಪ್ರಶ್ನೆ. ಭದ್ರತೆಯನ್ನು ಒಬ್ಬರಿಗೆ, ವಿಶ್ವಾಸಾರ್ಹತೆಯನ್ನು ಇನ್ನೊಬ್ಬರಿಗೆ ವಹಿಸುವ ಪದ್ಧತಿ ನಮ್ಮ ಕಚೇರಿಗಳಲ್ಲಿ ಬೇರೂರಿದೆ. ಆದರೆ ಕಳೆದ ಕೆಲವು ವರ್ಷಗಳ ದೊಡ್ಡ ವೈಫಲ್ಯಗಳನ್ನು ಹತ್ತಿರದಿಂದ ನೋಡಿದರೆ ಎರಡಕ್ಕೂ ಈ ಒಂದೇ ಪ್ರಶ್ನೆ ಬುಡದಲ್ಲಿರುವುದು ಕಾಣುತ್ತದೆ.

ಮೊದಲಿಗೆ ವೇಗದ ಮಾತು. ಜಿ.711 ಎಂಬ ಸಾಮಾನ್ಯ ಧ್ವನಿ ಸಂಕೇತನದಲ್ಲಿ ಮಾತನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯುತ್ತಾರೆ. 20 ಮಿಲಿಸೆಕೆಂಡಿನ ಮಾತು 160 ಬೈಟ್‌ಗಳಾಗುತ್ತದೆ. ಅದಕ್ಕೆ ವಿಳಾಸ, ಕ್ರಮಸಂಖ್ಯೆ ಮೊದಲಾದ 40 ಬೈಟ್‌ಗಳ ತಲೆಬರಹ ಸೇರಿ 200 ಬೈಟ್‌ಗಳ ಒಂದು ಪ್ಯಾಕೆಟ್ ಆಗುತ್ತದೆ. ಸೆಕೆಂಡಿಗೆ ಇಂಥ 50 ಪ್ಯಾಕೆಟ್‌ಗಳು ಹೋಗಬೇಕು, ಅಷ್ಟೇ ಬರಬೇಕು. ಅಂದರೆ ಒಂದು ಕರೆಗೆ ಒಂದು ದಿಕ್ಕಿನಲ್ಲಿ 80 ಕಿಲೋಬಿಟ್, ಹತ್ತು ಕರೆಗಳು ಒಟ್ಟಿಗೆ ನಡೆದರೂ 800 ಕಿಲೋಬಿಟ್. 100 ಮೆಗಾಬಿಟ್‌ನ ಸಂಪರ್ಕಕ್ಕೆ ಇದು ಲೆಕ್ಕಕ್ಕೇ ಇಲ್ಲ. ಹಾಗಿದ್ದೂ ಅದೇ ಸಂಪರ್ಕದಲ್ಲಿ ಮಾತು ತುಂಡುತುಂಡಾಗಿ ಕೇಳುವುದುಂಟು. ಕಾರಣ, ಧ್ವನಿಗೆ ಬೇಕಾದದ್ದು ಅಗಲವಲ್ಲ, ಸಮಗತಿ. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗಿದ್ದರೆ ಸಂಭಾಷಣೆ ಬಹುಮಟ್ಟಿಗೆ ಸಹಜವಾಗಿರುತ್ತದೆ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಹೇಳುತ್ತದೆ. ಅದನ್ನು ಮೀರಿದಷ್ಟೂ ಇಬ್ಬರೂ ಒಟ್ಟಿಗೆ ಮಾತು ಶುರುಮಾಡಿ ಒಟ್ಟಿಗೆ ನಿಲ್ಲಿಸುವ ಪೇಚು ಹೆಚ್ಚುತ್ತದೆ. ತಡವಾಗಿ ಬಂದ ಇಮೇಲ್ ಇಮೇಲೇ. ತಡವಾಗಿ ಬಂದ ಧ್ವನಿ ಪ್ಯಾಕೆಟ್ಟನ್ನು ಫೋನು ಎಸೆದುಬಿಡುತ್ತದೆ. ಹಾಗಾಗಿ ಕೊಟೇಶನ್ನಿನಲ್ಲಿ ವೇಗದ ಬದಲು ವಿಳಂಬ, ವಿಳಂಬದ ಏರಿಳಿತ ಮತ್ತು ಪ್ಯಾಕೆಟ್ ನಷ್ಟದ ಅಳತೆಗಳನ್ನು ಕೇಳಬೇಕು. ಅವನ್ನೂ ಭಾನುವಾರದ ರಾತ್ರಿಯಲ್ಲಲ್ಲ, ಸೋಮವಾರ ಬೆಳಗ್ಗೆ ಹನ್ನೊಂದರ ಹೊತ್ತಿನಲ್ಲಿ ಅಳೆದು ಕೊಡುವಂತೆ ಕೇಳಬೇಕು.

ಲಭ್ಯತೆಯ ಅಂಕಿ ಇನ್ನೂ ಮೋಸದ್ದು. ಶೇ. 99.9 ಎಂದರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ಸೇವೆ ಇಲ್ಲದಿರುವುದು. ಆದರೆ ಅದು ಸರಪಣಿಯ ಒಂದು ಕೊಂಡಿಯ ಲೆಕ್ಕ ಮಾತ್ರ. ಫೋನು, ಕಚೇರಿಯ ಸ್ವಿಚ್, ರೌಟರ್, ಹೊರಗಿನ ಫೈಬರ್, ಅಂತರ್ಜಾಲ ಕಂಪನಿಯ ಜಾಲ, ದೂರವಾಣಿ ಸೇವೆಯ ಸರ್ವರ್ ಹೀಗೆ ಆರು ಕೊಂಡಿಗಳಿದ್ದು ಪ್ರತಿಯೊಂದೂ 99.9ರಷ್ಟು ಗಟ್ಟಿಯಾಗಿದ್ದರೂ ಇಡೀ ಸರಪಣಿಯ ಲಭ್ಯತೆ ಸುಮಾರು 99.4ಕ್ಕೆ ಇಳಿದು, ವರ್ಷಕ್ಕೆ 52 ಗಂಟೆಗಳ ಮೌನ ಗಂಟುಬೀಳುತ್ತದೆ. ತಾಮ್ರದ ತಂತಿಯ ಲ್ಯಾಂಡ್‌ಲೈನಿಗೆ ವಿದ್ಯುತ್ತು ವಿನಿಮಯ ಕೇಂದ್ರದ ಬ್ಯಾಟರಿಗಳಿಂದಲೇ ಬರುತ್ತಿತ್ತು. ಬೀದಿಯಲ್ಲಿ ಕರೆಂಟು ಹೋದರೂ ಫೋನು ನಡೆಯುತ್ತಿತ್ತು. ನಾವು ಕೇಳದೆಯೇ ಸಿಕ್ಕಿದ್ದ ಆ ಸ್ವಾತಂತ್ರ್ಯ ಫೈಬರಿನಲ್ಲಿ ಇಲ್ಲ. ಫೈಬರಿನ ಕೊನೆಯ ಪೆಟ್ಟಿಗೆ, ರೌಟರ್, ಸ್ವಿಚ್, ಫೋನು ಎಲ್ಲವೂ ನಮ್ಮ ಕಚೇರಿಯ ಕರೆಂಟನ್ನೇ ನೆಚ್ಚಿವೆ. ಕಂಪ್ಯೂಟರುಗಳಿಗೆಲ್ಲ ಯುಪಿಎಸ್ ಕೊಟ್ಟು ಗೋಡೆಗೆ ತೂಗುಹಾಕಿದ ಫೈಬರ್ ಪೆಟ್ಟಿಗೆಯನ್ನು ಮರೆತುಬಿಡುವುದು ಸಣ್ಣ ಸಂಗತಿಯೆನಿಸಬಹುದು. ಆ ಒಂದು ಪ್ಲಗ್ಗು ಉಳಿದೆಲ್ಲ ಖರ್ಚನ್ನೂ ನಿಷ್ಫಲಗೊಳಿಸುತ್ತದೆ.

ಇದಕ್ಕೆ ಪರಿಹಾರವೆಂದು ಎಲ್ಲರೂ ಹೇಳುವುದು ಎರಡನೆಯ ಸಂಪರ್ಕ. ಲೆಕ್ಕವೂ ಆಕರ್ಷಕವಾಗಿದೆ. ಶೇ. 99ರಷ್ಟು ಮಾತ್ರ ಗಟ್ಟಿಯಾದ ಒಂದು ಸಂಪರ್ಕ ವರ್ಷಕ್ಕೆ ಮೂರೂವರೆ ದಿನಕ್ಕಿಂತ ಹೆಚ್ಚು ಕೈಕೊಡುತ್ತದೆ. ಅಂಥವೇ ಎರಡಿದ್ದು, ಒಂದರ ಕೆಡುಕಿಗೂ ಇನ್ನೊಂದರ ಕೆಡುಕಿಗೂ ಸಂಬಂಧವಿಲ್ಲದಿದ್ದರೆ, ಎರಡೂ ಒಟ್ಟಿಗೆ ಕೈಕೊಡುವುದು ವರ್ಷಕ್ಕೆ ಸುಮಾರು 53 ನಿಮಿಷ. ಇಡೀ ಲಾಭ ನಿಂತಿರುವುದು ಆ ‘ಸಂಬಂಧವಿಲ್ಲದಿದ್ದರೆ’ ಎಂಬ ಷರತ್ತಿನ ಮೇಲೆ. ಬೆಂಗಳೂರಿನಲ್ಲಿ ರಸ್ತೆ ಅಗೆಯುವ ಜೆಸಿಬಿಯ ಬಕೆಟ್ಟಿಗೆ ಸಿಕ್ಕು ಕೇಬಲ್ ತುಂಡಾಗುವುದು ನಗರದವರಿಗೆಲ್ಲ ಗೊತ್ತಿರುವ ಸಂಗತಿ. ಎರಡು ಕಂಪನಿಗಳ ಎರಡು ಬಿಲ್ಲು ಕಟ್ಟುತ್ತಿದ್ದರೂ ಎರಡೂ ಫೈಬರುಗಳು ಒಂದೇ ಕಾಲುವೆಯಲ್ಲಿ ಮಲಗಿದ್ದರೆ, ಕಟ್ಟಡದೊಳಗೆ ಒಂದೇ ಪೈಪಿನಲ್ಲಿ ಏರಿದ್ದರೆ, 53 ನಿಮಿಷದ ಲೆಕ್ಕ ಬರಿಯ ಕಾಗದದ ಮೇಲಿನದು. ಒಂದು ಕಂಪನಿ ಇನ್ನೊಂದರ ಫೈಬರನ್ನೇ ಬಾಡಿಗೆಗೆ ಪಡೆದಿರಲೂಬಹುದು. ಆದ್ದರಿಂದ ಒಪ್ಪಂದಕ್ಕೆ ಮುಂಚೆ ಕೇಬಲ್ ಕಟ್ಟಡಕ್ಕೆ ಯಾವ ಬದಿಯಿಂದ ಬರುತ್ತದೆ, ಯಾವ ರಸ್ತೆಯಗುಂಟ ಹೋಗುತ್ತದೆ, ಯಾವ ಕೇಂದ್ರದಲ್ಲಿ ಮುಗಿಯುತ್ತದೆ ಎಂಬ ನಕ್ಷೆಯನ್ನು ಇಬ್ಬರಿಂದಲೂ ಪಡೆದು ಒಂದರ ಮೇಲೊಂದಿಟ್ಟು ನೋಡಬೇಕು.

ಕಾಲುವೆಯನ್ನು ಕಣ್ಣಾರೆ ಕಾಣಬಹುದು. ಜಾಲದೊಳಗಿನ ಹಂಚಿಕೆ ಕಣ್ಣಿಗೆ ಬೀಳುವುದಿಲ್ಲ. 2022ರ ಜುಲೈ 8ರಂದು ಕೆನಡಾದ ರೋಜರ್ಸ್ ಕಂಪನಿಯ ಜಾಲ ಕುಸಿದದ್ದು ಈ ದೃಷ್ಟಿಯಿಂದ ಆಳವಾಗಿ ಅಭ್ಯಾಸ ಮಾಡಬೇಕಾದ ಪ್ರಸಂಗ. ಜಾಲದ ನಡುಭಾಗವನ್ನು ನವೀಕರಿಸುವ ಕೆಲಸದಲ್ಲಿ, ಮಾರ್ಗಗಳ ಮಾಹಿತಿಯನ್ನು ಸೋಸುವ ಒಂದು ನಿಯಮವನ್ನು ರೌಟರಿನಿಂದ ತೆಗೆದುಹಾಕಿದರು. ಸೋಸದ ಮಾಹಿತಿ ಒಮ್ಮೆಲೇ ನುಗ್ಗಿ ನಡುಭಾಗದ ರೌಟರುಗಳು ಭಾರ ತಾಳದೆ ಕುಸಿದವು. ಮೊಬೈಲೂ ಮನೆಗಳ ಅಂತರ್ಜಾಲವೂ ಒಂದೇ ನಡುಭಾಗವನ್ನು ಹಂಚಿಕೊಂಡಿದ್ದರಿಂದ ಎರಡೂ ಒಟ್ಟಿಗೆ ಹೋದವು. 1.2 ಕೋಟಿಗೂ ಹೆಚ್ಚು ಗ್ರಾಹಕರು ಸಂಪರ್ಕ ಕಳೆದುಕೊಂಡರು. ತುರ್ತು ಕರೆಗಳಿಗೆ ತೊಡಕಾಯಿತು. ರೋಜರ್ಸ್ ಜಾಲವನ್ನು ನೆಚ್ಚಿದ್ದ ಇಂಟರಾಕ್ ಎಂಬ ಡೆಬಿಟ್ ಪಾವತಿ ವ್ಯವಸ್ಥೆ ದೇಶದುದ್ದಕ್ಕೂ ನಿಂತಿತು. ಆ ದಿನದ ಅತಿ ಮುಖ್ಯ ಪಾಠ ಇರುವುದು ದುರಸ್ತಿಯ ವಿಳಂಬದಲ್ಲಿ. ಕೆಟ್ಟ ರೌಟರುಗಳನ್ನು ದೂರದಿಂದ ನಿರ್ವಹಿಸುವ ವ್ಯವಸ್ಥೆ ಅದೇ ಕೆಟ್ಟ ಜಾಲವನ್ನು ನೆಚ್ಚಿಕೊಂಡಿತ್ತು. ಸಿಬ್ಬಂದಿಯ ಫೋನುಗಳೂ ಅದೇ ಕಂಪನಿಯವು. ದೋಷ ಹುಡುಕಬೇಕಾದವರೇ ಒಬ್ಬರಿಗೊಬ್ಬರು ಮಾತಾಡಲಾರದೆ ಹೋದರು. ಕೆನಡಾದ ದೂರಸಂಪರ್ಕ ನಿಯಂತ್ರಣ ಆಯೋಗದ ಕೋರಿಕೆಯ ಮೇಲೆ ನಡೆದ ಸ್ವತಂತ್ರ ಪರಿಶೀಲನೆಯೂ ಇದನ್ನು ದೊಡ್ಡ ಕೊರತೆಯೆಂದು ಗುರುತಿಸಿತು. ಮುಂದೆ ಮೊಬೈಲ್ ಜಾಲವನ್ನು ತಂತಿಯ ಜಾಲದಿಂದ ಬೇರ್ಪಡಿಸುವುದಾಗಿ ರೋಜರ್ಸ್ ಹೇಳಿತು. ಎರಡನೆಯ ಪೂರೈಕೆದಾರರನ್ನು ಸೇರಿಸಿಕೊಳ್ಳುವುದಾಗಿ ಇಂಟರಾಕ್ ಹೇಳಿತು. ಫೈಬರೂ ಮೊಬೈಲೂ ಬೇರೆ ಬೇರೆ ತಂತ್ರಜ್ಞಾನವಾದ್ದರಿಂದ ಒಂದೇ ಕಂಪನಿಯಿಂದ ಎರಡನ್ನೂ ಪಡೆದರೆ ಸಾಕು ಎಂಬ ನಂಬಿಕೆಗೆ ಆ ದಿನದ ನಂತರ ಆಧಾರವಿಲ್ಲ.

ರೋಜರ್ಸ್ ಪ್ರಸಂಗದಲ್ಲಿ ದುರುದ್ದೇಶ ಇರಲಿಲ್ಲ. ಅದಕ್ಕೆ ಹತ್ತು ತಿಂಗಳ ಹಿಂದೆ, 2021ರ ಸೆಪ್ಟೆಂಬರಿನಲ್ಲಿ, ಅದೇ ದೇಶದ ವಾಯ್ಪ್.ಎಂಎಸ್ ಎಂಬ ಅಂತರ್ಜಾಲ ದೂರವಾಣಿ ಸಂಸ್ಥೆಯ ಮೇಲೆ ನಡೆದದ್ದು ಸುಲಿಗೆಗಾಗಿ ಮಾಡಿದ ದಾಳಿ. ದಾಳಿಕೋರರು ಅಪಾರ ಪ್ರಮಾಣದ ಸುಳ್ಳು ದಟ್ಟಣೆ ಹರಿಸಿ, ಹೆಸರುಗಳನ್ನು ವಿಳಾಸಗಳಾಗಿ ಬಿಡಿಸುವ ಸರ್ವರುಗಳನ್ನು ಕೆಡವಿದರು. ಗ್ರಾಹಕರ ಕಚೇರಿಯ ಫೋನುಗಳಿಗೆ ತಮ್ಮ ಸರ್ವರ್ ಎಲ್ಲಿದೆಯೆಂಬುದೇ ತಿಳಿಯದಾಯಿತು. ಸಂಸ್ಥೆಯ ಜಾಲತಾಣವೂ ಅದೇ ಹೊಡೆತಕ್ಕೆ ಸಿಕ್ಕಿದ್ದರಿಂದ, ಕರೆಗಳನ್ನು ಬೇರೆಡೆಗೆ ತಿರುಗಿಸಲು ಗ್ರಾಹಕರು ಲಾಗಿನ್ ಆಗಬೇಕಾದ ಬಾಗಿಲೂ ಮುಚ್ಚಿತು. ಅದೇ ತಿಂಗಳ ಕೊನೆಯಲ್ಲಿ ಅಮೆರಿಕದ ಬ್ಯಾಂಡ್‌ವಿಡ್ತ್ ಕಂಪನಿಯ ಮೇಲೂ ದಾಳಿಯಾಗಿ, ಅದರ ಜಾಲದ ಮೇಲೆ ನಿಂತಿದ್ದ ಬೇರೆ ಹೆಸರಿನ ಸೇವೆಗಳೂ ತೊಡಕಿಗೆ ಸಿಲುಕಿದವು. ಒಂದು ಪ್ರಸಂಗ ಎಂಜಿನಿಯರರ ತಪ್ಪು, ಇನ್ನೊಂದು ಅಪರಾಧ. ಆದರೆ ಗ್ರಾಹಕ ಸಂಸ್ಥೆಯ ಮಟ್ಟಿಗೆ ಎರಡರ ಆಕಾರವೂ ಒಂದೇ: ಸೇವೆಯೂ, ಸೇವೆಯಿಂದ ಪಾರಾಗುವ ದಾರಿಯೂ ಒಂದೇ ಕಡೆ ಇದ್ದವು.

2023ರ ಮಾರ್ಚಿನಲ್ಲಿ ಬಯಲಾದ 3ಸಿಎಕ್ಸ್ ಪ್ರಕರಣ ಇನ್ನೂ ಸೂಕ್ಷ್ಮ. ವ್ಯವಹಾರ ಸಂಸ್ಥೆಗಳು ವ್ಯಾಪಕವಾಗಿ ಬಳಸುವ ಆ ದೂರವಾಣಿ ತಂತ್ರಾಂಶದ ಅಧಿಕೃತ ನವೀಕರಣದಲ್ಲೇ, ಕಂಪನಿಯ ಅಧಿಕೃತ ಡಿಜಿಟಲ್ ಸಹಿಯ ಸಮೇತ, ದುಷ್ಟ ತಂತ್ರಾಂಶ ಬಂದಿಳಿಯಿತು. ತನಿಖೆ ನಡೆಸಿದ ಮ್ಯಾಂಡಿಯಂಟ್ ಸಂಸ್ಥೆಯ ಪ್ರಕಾರ, ಉದ್ಯೋಗಿಯೊಬ್ಬರು ತಮ್ಮ ಸ್ವಂತ ಕಂಪ್ಯೂಟರಿನಲ್ಲಿ ಹಾಕಿಕೊಂಡ, ಮೊದಲೇ ಕೆಟ್ಟಿದ್ದ ಇನ್ನೊಂದು ಕಂಪನಿಯ ಹಣಕಾಸು ವಹಿವಾಟಿನ ತಂತ್ರಾಂಶವೇ ಇದರ ಮೂಲ. ಹೀಗಿರುವಾಗ ಒಳ್ಳೆಯ ಕಂಪನಿಯನ್ನು ಆರಿಸಿದೆವು, ನವೀಕರಣಗಳನ್ನು ತಪ್ಪದೆ ಹಾಕಿದೆವು ಎಂಬಷ್ಟರಿಂದ ಭದ್ರತೆ ಬರುವುದಿಲ್ಲ. ಫೋನಿನ ತಂತ್ರಾಂಶ ಕೆಟ್ಟರೆ ಅದು ಲೆಕ್ಕಪತ್ರದ ಕಂಪ್ಯೂಟರನ್ನು ಮುಟ್ಟಬಲ್ಲುದೇ ಎಂಬುದು ಪ್ರಶ್ನೆ. ಧ್ವನಿಯ ಜಾಲವನ್ನು ಕಚೇರಿಯ ಉಳಿದ ಜಾಲದಿಂದ ಬೇರ್ಪಡಿಸಿದ ಕಡೆ ಈ ಪ್ರಶ್ನೆಗೆ ನೆಮ್ಮದಿಯ ಉತ್ತರ ಇರುತ್ತದೆ. ಇನ್ನೊಂದು ಗಂಟನ್ನೂ ಇಲ್ಲೇ ಬಿಡಿಸಬೇಕು. ಎಷ್ಟೋ ಕಡೆ ದೂರವಾಣಿ ಸೇವೆಯ ನಿರ್ವಹಣಾ ಪುಟಕ್ಕೆ ಲಾಗಿನ್ ಆಗಲು ಬೇಕಾದ ಒಟಿಪಿ ಬರುವುದು ಅದೇ ಸೇವೆಯ ಸಂಖ್ಯೆಗೆ. ಸೇವೆ ಕೆಟ್ಟ ದಿನ ಆ ಒಟಿಪಿ ಬರುವುದಿಲ್ಲ. ಸಂಖ್ಯೆಯನ್ನು ಕಳ್ಳರು ತಿರುಗಿಸಿಕೊಂಡ ದಿನ ಅದು ಅವರಿಗೇ ಬರುತ್ತದೆ.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು ದೊಡ್ಡ ಕಂಪನಿಯ ಪರವಾದದ್ದು: ಪರಿಣತರು, ಕಾವಲು, ಹಣ ಎಲ್ಲ ಇರುವ ಒಂದೇ ಕಡೆ ಎಲ್ಲವನ್ನೂ ಒಪ್ಪಿಸುವುದು ಹೆಚ್ಚು ಕ್ಷೇಮವಲ್ಲವೇ? ಇದರಲ್ಲಿ ಅರ್ಧ ಸತ್ಯವಿದೆ, ಅದನ್ನು ಒಪ್ಪಲೇಬೇಕು. ಹತ್ತು ಮಂದಿಯ ಕಚೇರಿ ತಾನೇ ಐಪಿ ಪಿಬಿಎಕ್ಸ್ ನಡೆಸಲು ಹೊರಟು, ಕಂಪನಿ ಕೊಟ್ಟ ಮೊದಲ ಪಾಸ್‌ವರ್ಡನ್ನೇ ಉಳಿಸಿ, ಕರೆ ಜೋಡಿಸಲು ಬಳಸುವ 5060ನೆಯ ಪೋರ್ಟನ್ನು ಜಗತ್ತಿಗೆ ತೆರೆದಿಟ್ಟರೆ, ಅದನ್ನು ಸ್ವಯಂಚಾಲಿತ ಶೋಧಕಗಳು ಕಂಡುಹಿಡಿಯಲು ಹೆಚ್ಚು ಹೊತ್ತು ಬೇಡ. ರಜೆಯ ರಾತ್ರಿಗಳಲ್ಲಿ ದುಬಾರಿ ವಿದೇಶಿ ಸಂಖ್ಯೆಗಳಿಗೆ ಕರೆಗಳು ಹರಿದು, ತಿಂಗಳ ಕೊನೆಗೆ ಬಿಲ್ಲು ಬಂದಾಗ ವಂಚನೆ ಗೊತ್ತಾಗುತ್ತದೆ. ಇಂಥಲ್ಲಿ ನಿರ್ವಹಿತ ಸೇವೆಯೇ ಮೇಲು. ಆದರೆ ದೊಡ್ಡತನವು ಕೆಡುಕಿನ ಸಂಭವವನ್ನು ತಗ್ಗಿಸುತ್ತದೆಯೇ ಹೊರತು ಕೆಟ್ಟಾಗ ಆಗುವ ಹಾನಿಯ ಹರವನ್ನಲ್ಲ. ರೋಜರ್ಸ್ ಸಣ್ಣ ಕಂಪನಿಯಾಗಿರಲಿಲ್ಲ. ಮುಖ್ಯ ಸೇವೆ ದೊಡ್ಡವರದಿರಲಿ, ಪಾರಾಗುವ ದಾರಿ ಮಾತ್ರ ಅವರದಾಗಿರಬಾರದು.

ಎರಡನೆಯ ಆಕ್ಷೇಪ ಖರ್ಚಿನದು. ಹಾವೇರಿಯ ಪತ್ತಿನ ಸಹಕಾರ ಸಂಘವೋ ಪುತ್ತೂರಿನ ಅಡಿಕೆ ವ್ಯಾಪಾರಿಯೋ ಎರಡೆರಡು ಲೀಸ್ಡ್ ಲೈನು ಹಾಕಿಸಲು ಆಗದು ಎಂಬುದು ನಿಜ. ಆದರೆ ಮೇಲಿನ ಲೆಕ್ಕವನ್ನು ನೆನೆದರೆ ಹತ್ತು ಕರೆಗಳಿಗೆ ಬೇಕಾದದ್ದು 800 ಕಿಲೋಬಿಟ್. ಬೇರೆ ಕಂಪನಿಯ ಸಿಮ್ ಹಾಕಿದ ಸಾಧಾರಣ 4ಜಿ ರೌಟರು ಆಪತ್ಕಾಲಕ್ಕೆ ಅದನ್ನು ಹೊರಬಲ್ಲುದು. ಹತ್ತಿರದ ಟವರಿನ ಫೈಬರೂ ಅದೇ ಕಾಲುವೆಯಲ್ಲಿ ಇದ್ದೀತೇ ಎಂದು ವಿಚಾರಿಸಬೇಕು, ಅಷ್ಟೆ. ಕಚೇರಿಯ ಫೋನುಗಳು ಸಂಪರ್ಕ ಕಳೆದುಕೊಂಡ ಕೂಡಲೇ ಕರೆಗಳು ತಾವಾಗಿಯೇ ನಿಗದಿತ ಮೊಬೈಲುಗಳಿಗೆ ಹೋಗುವಂತೆ ಸೇವಾದಾರರ ಕಡೆಯಲ್ಲೇ ಮೊದಲೇ ಹೊಂದಿಸಿಡುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಖರ್ಚಿಲ್ಲದ, ಆದರೆ ಬಹುಮಂದಿ ಮಾಡದ ಇನ್ನೊಂದು ಕೆಲಸವೂ ಇದೆ. ನಮ್ಮ ದೇಶದಲ್ಲಿ ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ 2011ರಿಂದ ಎಲ್ಲೆಡೆ ಇದೆ. ಸ್ಥಿರ ದೂರವಾಣಿಯ ಸಂಖ್ಯೆಗೆ ಆ ಸೌಲಭ್ಯ ಬಂದಿಲ್ಲ. ನಾಮಫಲಕದಲ್ಲಿ, ರಸೀತಿಯಲ್ಲಿ, ಗ್ರಾಹಕರ ನೆನಪಿನಲ್ಲಿ ಊರಿಹೋದ ಸ್ಥಿರ ಸಂಖ್ಯೆ ಒಂದೇ ಕಂಪನಿಗೆ ಕಟ್ಟುಬಿದ್ದಿರುತ್ತದೆ. ಆದ್ದರಿಂದ ಬೇರೆ ಕಂಪನಿಯ ಒಂದು ಮೊಬೈಲ್ ಸಂಖ್ಯೆಯನ್ನೂ ಅದರ ಪಕ್ಕದಲ್ಲಿ ಮೊದಲ ದಿನದಿಂದಲೇ ಅಚ್ಚುಹಾಕಿಸಬೇಕು.

ಒಪ್ಪಂದದಲ್ಲಿ ಪರಿಹಾರದ ಷರತ್ತಿದೆಯಲ್ಲ ಎನ್ನುವವರಿಗೆ ಉತ್ತರ ಚಿಕ್ಕದು. ಅಂಥ ಷರತ್ತುಗಳು ಸಾಮಾನ್ಯವಾಗಿ ಹಿಂದಿರುಗಿಸುವುದು ತಿಂಗಳ ಬಾಡಿಗೆಯ ಒಂದು ಪಾಲನ್ನು, ಕಳೆದುಹೋದ ವ್ಯಾಪಾರವನ್ನಲ್ಲ. ಗೂಢಲಿಪೀಕರಣದಿಂದ ಧ್ವನಿ ಕೆಡುತ್ತದೆ ಎಂಬ ಆಕ್ಷೇಪವೂ ನಿಲ್ಲುವುದಿಲ್ಲ. 2004ರಲ್ಲೇ ನಿಗದಿಯಾದ ಎಸ್‌ಆರ್‌ಟಿಪಿ ವಿಧಾನ ಪ್ರತಿ ಪ್ಯಾಕೆಟ್ಟಿಗೆ ಸಾಮಾನ್ಯವಾಗಿ 10 ಬೈಟ್‌ಗಳನ್ನು ಸೇರಿಸುತ್ತದೆ. ಕರೆಯೊಂದಕ್ಕೆ ಅದು 4 ಕಿಲೋಬಿಟ್ ಹೊರೆ. ಆದರೆ ಈ ರಕ್ಷಣೆ ಸೇವಾದಾರರ ಸರ್ವರಿನವರೆಗೆ ಮಾತ್ರ, ಅಲ್ಲಿಂದಾಚೆ ಸಾಮಾನ್ಯ ದೂರವಾಣಿ ಜಾಲದಲ್ಲಿ ಮಾತು ತೆರೆದೇ ಸಾಗುತ್ತದೆ ಎಂಬುದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ಹೇಳುವ ಕಂಪನಿಗಳು ವಿರಳ.

ಕಾನೂನೂ ಈ ಆಯ್ಕೆಯನ್ನು ಹತ್ತಿರದಿಂದ ಮುಟ್ಟುತ್ತದೆ. ಭಾರತದಲ್ಲಿ ಸಾರ್ವಜನಿಕ ದೂರವಾಣಿ ಜಾಲಕ್ಕೆ ಕರೆ ಜೋಡಿಸುವ ಸೇವೆಯನ್ನು ಪರವಾನಗಿ ಇರುವವರೇ ಕೊಡಬೇಕು. ವಿದೇಶದಿಂದ ಅಂತರ್ಜಾಲದಲ್ಲಿ ಬಂದ ಕರೆಗಳನ್ನು ಸಿಮ್ ಬಾಕ್ಸ್‌ಗಳ ಮೂಲಕ ಸ್ಥಳೀಯ ಕರೆಗಳಾಗಿ ಮಾರ್ಪಡಿಸುತ್ತಿದ್ದ ಜಾಲವನ್ನು 2021ರಲ್ಲಿ ಬೆಂಗಳೂರು ಪೊಲೀಸರು ಸೇನೆಯ ಗುಪ್ತಚರ ವಿಭಾಗದ ನೆರವಿನೊಂದಿಗೆ ಬಯಲಿಗೆಳೆದರು. ನಂಬಲಾಗದಷ್ಟು ಅಗ್ಗದ ದರ ಕಂಡಾಗ ಪರವಾನಗಿಯ ಪ್ರತಿಯನ್ನು ಮೊದಲು ಕೇಳಬೇಕಾದದ್ದು ಇದಕ್ಕೇ. ಸೈಬರ್ ಘಟನೆಗಳನ್ನು 6 ಗಂಟೆಗಳೊಳಗೆ ವರದಿ ಮಾಡಬೇಕು, ದಾಖಲೆಗಳನ್ನು 180 ದಿನ ಉಳಿಸಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ವಿಧಿಸಿದೆ. ಈ ಹೊಣೆ ಸೇವಾದಾರರಿಗಷ್ಟೇ ಅಲ್ಲ, ಕಂಪನಿಗಳಿಗೂ ಇದೆ. ಕರೆಗಳ ಮತ್ತು ಲಾಗಿನ್‌ಗಳ ದಾಖಲೆ ಸೇವಾದಾರರ ಬಳಿ ಮಾತ್ರ ಇದ್ದು, ಅವರ ಜಾಲವೇ ಬಿದ್ದಿರುವಾಗ, ಗ್ರಾಹಕ ಕಂಪನಿ 6 ಗಂಟೆಯೊಳಗೆ ಏನನ್ನು ವರದಿ ಮಾಡಲು ಸಾಧ್ಯ? ದಾಖಲೆಗಳ ಪ್ರತಿ ದಿನವೂ ತಮ್ಮದೇ ಸಂಗ್ರಹಕ್ಕೆ ಬರಬೇಕೆಂಬ ಷರತ್ತನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು.

ಇಷ್ಟನ್ನೂ ಕಾಗದದಲ್ಲಿ ಕೇಳಿದರೆ ಕಾಗದದಲ್ಲೇ ಉತ್ತರ ಬರುತ್ತದೆ. ಅದಕ್ಕಾಗಿ ಸಹಿ ಹಾಕುವ ಮೊದಲು ಒಂದು ಪರೀಕ್ಷೆ ನಡೆಯಲಿ. ಕೆಲಸದ ದಿನದ ನಡುಹಗಲಲ್ಲಿ ಮುಖ್ಯ ಫೈಬರನ್ನು ಕಿತ್ತು ಒಂದು ಗಂಟೆ ಬಿಡಿ. ಆಮೇಲೆ ಮುಖ್ಯ ವಿದ್ಯುತ್ತನ್ನು ತೆಗೆದು ಇನ್ನೊಂದು ಗಂಟೆ ನೋಡಿ. ಹೊರಗಿನಿಂದ ಬಂದ ಕರೆ ಎಲ್ಲಿ ಹೋಗಿ ಮುಟ್ಟಿತು, ನಿರ್ವಹಣಾ ಪುಟ ತೆರೆಯಿತೇ, ಒಟಿಪಿ ಯಾರ ಕೈಸೇರಿತು, ಸೇವಾದಾರರ ಸಹಾಯವಾಣಿಗೆ ಯಾವ ಫೋನಿನಿಂದ ಕರೆ ಮಾಡಬೇಕಾಯಿತು ಎಂಬುದನ್ನು ಬರೆದಿಡಿ. ಇಂಥ ಪರೀಕ್ಷೆಗೆ ಒಪ್ಪದ ಕಂಪನಿಯ ಕೊಟೇಶನ್ನನ್ನು, ಅದರ ದರ ಎಷ್ಟೇ ಕಡಿಮೆಯಿದ್ದರೂ, ಆಯ್ಕೆಯ ಪಟ್ಟಿಯಿಂದ ತೆಗೆದುಹಾಕಿ.