ಹಳೆಯ ಕಾರು ಪುಸ್ತಕಗಳ ಸಂರಕ್ಷಣೆ (ಮಲೆನಾಡು)

ಸಕಲೇಶಪುರ–ಆಲೂರು ಬೆಟ್ಟಸೀಮೆಯಂಥ ತೇವದ ನಾಡಿನಲ್ಲಿ ಜಾಗ್ವಾರ್, ಎಂ.ಜಿ. ಮೊದಲಾದ ಹಳೆಯ ಸ್ಪೋರ್ಟ್ಸ್ ಕಾರುಗಳ ಕೈಪಿಡಿ, ಬಿಡಿಭಾಗಗಳ ಪಟ್ಟಿ, ಚಿತ್ರಸಂಪುಟಗಳನ್ನು ಕಾಪಾಡುವ ಕ್ರಮ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಗಾಳಿಯ ಆರ್ದ್ರತೆ ಶೇ. 65 ದಾಟಿ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಹೊಲಿಗೆಯ ಪಿನ್ನು ತುಕ್ಕು ಕಾರುತ್ತದೆ. ಚಿತ್ರಗಳ ನುಣುಪು ಹಾಳೆಗೆ ಜೇಡಿಮಣ್ಣಿನ ಲೇಪವಿರುವುದರಿಂದ ನೆನೆದು ಒಣಗಿದ ಪುಟಗಳು ಒಂದಕ್ಕೊಂದು ಅಂಟಿ ಹಲಗೆಯಾಗುತ್ತವೆ. ಬಿಡಿಸಹೋದರೆ ಬಣ್ಣವೇ ಕಿತ್ತುಬರುತ್ತದೆ.

ಕಪಾಟನ್ನು ಹೊರಗೋಡೆಗೆ ತಾಗಿಸದೆ, ನೆಲದಿಂದ ಎತ್ತರಿಸಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣವಿಡುವುದು ರೂಢಿ. ಬೂಷ್ಟು ಬಂದ ಪ್ರತಿಯನ್ನು ಪ್ರತ್ಯೇಕಿಸಿ, ಬಿಸಿಲಿಗೊಡ್ಡದೆ ನೆರಳಿನ ಗಾಳಿಗೆ ಒಣಗಿಸಿ, ಮೆದು ಬ್ರಷ್ಷಿನಿಂದ ಒರೆಸುತ್ತಾರೆ. ಹಳೆಯ ಕಾರು, ಹಳೆಯ ಬರಹ ಎರಡನ್ನೂ ಕಾಪಾಡಿರುವ ಉದಾಹರಣೆಯೂ ಉಂಟು: ಶಿರಾಡಿ ಘಾಟಿಯಾಚೆಯ ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹವೂ, ಅಲ್ಲಿನ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ ಹಸ್ತಪ್ರತಿಗಳೂ ಇವೆ.